ಗಡಹಿಂಗ್ಲಜ ಸ್ಟ್ಯಾಂಡಿನಲ್ಲಿ ನಾನು ಮಾತು ಕಲಿತದ್ದು

ಜನರ ಮುಂದೆ ನಿಂತು ಮಾತಾಡುವುದು ಹೇಗೆ ಎಂದು ಈಗ ನನ್ನನ್ನು ಆಗಾಗ ಕೇಳುತ್ತಾರೆ. ಕಾಲೇಜಿನ ಹುಡುಗಿಯರು ಕೇಳುತ್ತಾರೆ, ಗ್ರಾಮ ಪಂಚಾಯತಿಗೆ ಹೊಸದಾಗಿ ಆರಿಸಿ ಬಂದ ಹೆಂಗಸರು ಕೇಳುತ್ತಾರೆ. ಒಮ್ಮೆ ಒಬ್ಬ ಡಾಕ್ಟರರೂ ಕೇಳಿದರು. ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. ಆದರೆ ಅದರಲ್ಲಿ ನನ್ನ ಸ್ವಂತದ್ದು ಕಡಿಮೆ. ನನಗೆ ಕಲಿಸಿದವರು ಗಡಹಿಂಗ್ಲಜದ ಎಸ್‌ಟಿ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳು ಹೋಗುವ ಊರು ಕೂಗುತ್ತಿದ್ದ ಒಬ್ಬ ಕಂಟ್ರೋಲರ್. ಅವರನ್ನು ನಾನು ಕಾಕಾ ಎಂದು ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ನಮ್ಮೂರು ಗಡಹಿಂಗ್ಲಜದ ಹತ್ತಿರದ ನೇಸರಿ, ಗಡಿಯ ಮರಾಠಿ ಸೀಮೆಯದು. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ. ಡಿಗ್ರಿ ಮುಗಿದ ಮೇಲೆ ಗಡಹಿಂಗ್ಲಜದ ಒಂದು ಕಣ್ಣಿನ ದವಾಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಹಳ್ಳಿಹಳ್ಳಿಗೆ ಹೋಗಿ ನೇತ್ರದಾನದ ಬಗ್ಗೆ ಜನರಿಗೆ ತಿಳಿಸಿ ಹೇಳುವುದೇ ಆ ಕೆಲಸ. ನಾನೋ, ಸಾಲೆಯಲ್ಲಿ ಹಾಜರಿ ಹೇಳಲೂ ಅಂಜುತ್ತಿದ್ದವಳು. ಆದರೂ ಹೂಂ ಎಂದೆ. ಯಾಕೆ ಎಂದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಮೊದಲ ಭಾಷಣ ನಮ್ಮೂರಿನಲ್ಲೇ ಆಯಿತು, ಹಾಲಿನ ಡೇರಿಯ ಅಂಗಳದಲ್ಲಿ. ಸಂಜೆ ಹಾಲು ಹಾಕಲು ಬಂದವರೆಲ್ಲ ಇದ್ದರು. ನನ್ನನ್ನು ಎತ್ತಿ ಆಡಿಸಿದವರು ಅವರು. ಅಂಜಿಕೆಗೆ ಕಾರಣವೇ ಇರಲಿಲ್ಲ. ಆದರೆ ನಾನು ದವಾಖಾನೆಯ ಪುಸ್ತಿಕೆ ನೋಡಿ ಐದು ಪುಟ ಬರೆದುಕೊಂಡು ಬಂದಿದ್ದೆ, ಅದೂ ಪುಸ್ತಕದ ಮರಾಠಿಯಲ್ಲಿ. "ಉಪಸ್ಥಿತ ಮಾನ್ಯವರ" ಎಂದು ಸುರು ಮಾಡುವಷ್ಟರಲ್ಲಿ ಕೈಯ ಕಾಗದ ಪಟಪಟ ಎನ್ನತೊಡಗಿತು. ಆ ಸಪ್ಪಳ ಮೈಕಿನಲ್ಲಿ ಹೋಗಿ ಅಂಗಳಕ್ಕೆಲ್ಲ ಕೇಳಿತು. ಒಂದೇ ಉಸಿರಿಗೆ ಓದಿದೆ. ಮೂರನೆಯ ಪುಟದಲ್ಲಿದ್ದಾಗ ಯಾರೋ "ಲಗೂ ಮುಗಸವ್ವಾ, ಎಮ್ಮಿ ಒದರಾಕತ್ತಾವ" ಎಂದರು. ಮುಗಿಸಿ ತಲೆ ಎತ್ತಿದಾಗ ಅಂಗಳದಲ್ಲಿ ಅರ್ಧ ಮಂದಿ ಇರಲಿಲ್ಲ. ನಮ್ಮ ಓಣಿಯ ಒಬ್ಬ ಆಯಿ ಹತ್ತಿರ ಬಂದು ನನ್ನ ಬೆನ್ನು ಸವರಿ, "ಭಾಳ ಚೊಲೊ ಹೇಳಿದಿ ತಂಗಿ. ಕಣ್ಣಾಗ ಔಷಧ ಎಂದ ಹಾಕ್ತೀರಿ?" ಎಂದು ಕೇಳಿದಳು.

ಮರುದಿನ ಮುಂಜಾನೆ ಗಡಹಿಂಗ್ಲಜದಲ್ಲಿ ಬಸ್ಸಿಳಿದೆ. ದವಾಖಾನೆಗೆ ಹೋಗಲು ಕಾಲು ಬರಲಿಲ್ಲ. ಏನು ಹೇಳುವುದು? ಸ್ಟ್ಯಾಂಡಿನ ಒಂದು ಬೆಂಚಿನ, ನಮ್ಮ ಮಾತಿನಲ್ಲಿ ಬಾಕಿನ, ಮೇಲೆ ಕೂತೆ. ಅರ್ಧ ತಾಸಾಯಿತು, ಒಂದು ತಾಸಾಯಿತು. ಆಗ ಕಂಟ್ರೋಲ್ ಕೋಣೆಯಿಂದ ಒಬ್ಬರು ಚಹಾ ಕುಡಿಯಲು ಹೊರಗೆ ಬಂದರು. ಖಾಕಿ ಅಂಗಿ, ಕಿವಿಯ ಮೇಲೆ ಪೆನ್ನು, ತೆಳ್ಳಗಿನ ದೇಹ. ದಿನಾ ಸ್ಪೀಕರಿನಲ್ಲಿ ಕೇಳುವ ದನಿ ಇಷ್ಟು ಸಣ್ಣ ಮನುಷ್ಯನದು ಎಂದು ಅವರು ಬಾಯಿ ತೆರೆದ ಮೇಲೆಯೇ ನನಗೆ ಗೊತ್ತಾಯಿತು.

"ನೀ ನೇಸರಿ ಗಾಡಿಗೆ ಬರಾಕಿ. ಇಳದಾಕಿನ ಬರ್ರನ ಹೊಕ್ಕಿದ್ದಿ. ಇವತ್ತ ಯಾಕ ಕುಂತಿ? ಮೈಯಾಗ ಆರಾಮ ಇಲ್ಲೇನ?"

ಅಷ್ಟೂ ಜನರಲ್ಲಿ ನನ್ನನ್ನು ಅವರು ಗುರುತಿಟ್ಟಿದ್ದರು. ನನಗೆ ಅಳು ಬಂತು. ಹಿಂದಿನ ಸಂಜೆಯದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. "ಆ ಭಾಷಣ ಐತೇನ ಕೈಯಾಗ? ಓದು" ಎಂದರು. ಮೊದಲ ಪುಟ ಓದಿದೆ.

"ತಡಿ. ಗಾಡಿ ಎಲ್ಲಿಗೆ ಹೊಂಟೈತಿ?"

ಯಾವ ಗಾಡಿ ಎಂದು ನಾನು ಸುತ್ತ ನಿಂತ ಬಸ್ಸುಗಳ ಬೋರ್ಡು ನೋಡಿದೆ.

"ನಾ ಮೈಕಿನ್ಯಾಗ ಏನ ಹೇಳ್ತೇನಿ? ಮೊದಲ ಊರ ಹೆಸರ. ಕೋವಾಡಾ, ಕೋವಾಡಾ. ಎರಡ ಸಲ. ಮೊದಲ್ನೇದ್ದಕ್ಕ ಮಂದಿ ಕಿವಿ ನಿಗರಿಸ್ತಾರ, ಎರಡನೇದ್ದಕ್ಕ ಏಳ್ತಾರ. ಪ್ಲಾಟಫಾರ್ಮ ಎಷ್ಟನೇದ, ಯಾವ ದಾರೀಲೆ ಹೊಕ್ಕೈತಿ, ಎಲ್ಲಾ ಆಮ್ಯಾಲ. ನೀ ಒಂದ ಪುಟ ಓದಿದಿ, ಗಾಡಿ ಎಲ್ಲಿಗಿ ಹೊಕ್ಕೈತಂತ ಇನ್ನೂ ಹೇಳಿಲ್ಲ. ಯಾರ ಹತ್ತತಾರ?"

ಅಷ್ಟು ಹೇಳಿ ಚಹಾದ ಕಪ್ಪು ಇಟ್ಟು ಒಳಗೆ ಹೋದರು. ಮೂವತ್ತು ವರ್ಷ ಆ ಸ್ಟ್ಯಾಂಡಿನಲ್ಲಿ ದುಡಿದ ಮನುಷ್ಯ ಅವರು. ಒಂದು ಗಳಿಗೆ ಹೆಚ್ಚು ಹೊರಗೆ ನಿಲ್ಲುತ್ತಿರಲಿಲ್ಲ.

ಅವತ್ತಿನಿಂದ ದಿನಾ ಸಂಜೆ ದವಾಖಾನೆಯ ಕೆಲಸ ಮುಗಿದ ಮೇಲೆ, ನನ್ನ ಗಾಡಿ ಬರುವ ತನಕ, ಅವರ ಕೋಣೆಯ ಕಿಟಕಿಯ ಹೊರಗೆ ನಿಲ್ಲುವುದು ನನ್ನ ರೂಢಿಯಾಯಿತು. ಮೈಕು ಮುಟ್ಟಲು ಒಂದು ದಿನವೂ ಕೊಡಲಿಲ್ಲ. "ಅದು ಸರಕಾರದ್ದವಾ. ನಿನಗ ಅದರ ಕೆಲಸಾನೂ ಇಲ್ಲ. ನೀ ಮಂದೀನ ನೋಡು" ಎನ್ನುತ್ತಿದ್ದರು. ನಾನು ಬಾಕಿನ ಮೇಲೆ ಕೂತು ಅವರ ಕೂಗಿಗೆ ಜನ ಏನು ಮಾಡುತ್ತಾರೆ ಎಂದು ನೋಡುತ್ತಿದ್ದೆ. ಯಾವಾಗ ತಲೆ ಎತ್ತುತ್ತಾರೆ, ಯಾವಾಗ ಪಕ್ಕದವರನ್ನು "ಏನಂದರು?" ಎಂದು ಕೇಳುತ್ತಾರೆ. ಕಾಕಾ ಬಸ್ಸಿನ ಇಂಜಿನ್ ಗುರ್ ಎನ್ನುವಾಗ ಎಂದೂ ಮಾತಾಡುತ್ತಿರಲಿಲ್ಲ. ಗಾಡಿ ದಾಟಿ ಹೋಗುವ ತನಕ ಸುಮ್ಮನಿದ್ದು, ಆ ನಿಶ್ಶಬ್ದದಲ್ಲಿ ಊರಿನ ಹೆಸರು ಇಡುತ್ತಿದ್ದರು. ಅವರು ಮೂರೇ ಮಾತು ಆಡುತ್ತಿದ್ದರು, ಆದರೆ ನಡುವೆ ಜಾಗ ಬಿಡುತ್ತಿದ್ದರು. ನನಗೆ ಅಲ್ಲಿಯ ತನಕ ಸುಮ್ಮನಾಗುವುದೆಂದರೆ ಮರೆತುಹೋದದ್ದರ ಗುರುತು ಎಂದು ಅನಿಸುತ್ತಿತ್ತು.

"ಯಾರನ್ನ ನೋಡಿ ಹೇಳ್ತೀರಿ ಕಾಕಾ?" ಎಂದು ಒಮ್ಮೆ ಕೇಳಿದೆ.

ಕಿಟಕಿಯ ಗಾಜಿನಿಂದ ತೋರಿಸಿದರು. ದೂರದ ಕಂಬದ ಹತ್ತಿರ ಒಬ್ಬ ಮುದುಕಿ ಗಂಟು ಇಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. "ಆಕೀಗಿ ಬೋರ್ಡ ಓದಾಕ ಬರೂದಿಲ್ಲ, ಕಿವೀನೂ ಮಂದ. ನಾ ಆಕೀಗಷ್ಟ ಹೇಳ್ತೇನಿ. ಆಕೀಗಿ ತಿಳೀತಂದ್ರ ಉಳದಾವ್ರಿಗಿ ತಿಳದಂಗನ."

ದಿನಕ್ಕೊಂದು ಪಾಠ ಎಂದು ಲೆಕ್ಕವಿಟ್ಟು ಕಲಿಸಿದವರಲ್ಲ ಅವರು. ಎಷ್ಟೋ ದಿನ ಮಾತೇ ಇರುತ್ತಿರಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಕಿಟಕಿಯಿಂದ ತಲೆ ಹಾಕಿ, "ಆಜರಾ ಗಾಡಿ ಹದಿನೈದ ಮಿನಿಟ ತಡಾ ಆಗತೈತಿ. ಆ ಬಾಕಿನ ಮ್ಯಾಲ ಕುಂತ ಬಾಯಿಗಿ ಹೇಳಿ ಬಾ" ಎಂದರು. ಹೋಗಿ ಆ ಹೆಂಗಸಿಗೆ ಹೇಳಿದೆ. ಮರುದಿನ ಒಂದು ಬಾಕಿನವರಿಗೆ. ಆಮೇಲೆ ಎರಡು ಬಾಕು. ಬಂದು ನಿಂತಾಗ ಕೇಳುತ್ತಿದ್ದರು: "ಎಲ್ಲಾರಿಗೂ ಕೇಳಿತು? ಕಡೇಕ ಕುಂತಾವ ಇನ್ನೂ ದಾರಿ ನೋಡಾಕತ್ತಾನಲ್ಲ!" ಮತ್ತೆ ಹೋಗುತ್ತಿದ್ದೆ. ಅದು ಭಾಷಣದ ತಾಲೀಮು ಎಂದು ನನಗೆ ಹೊಳೆದದ್ದೇ ಬಹಳ ತಡವಾಗಿ.

ಕೈ ನಡುಗುತ್ತದೆ ಎಂದು ಹೇಳಿಕೊಂಡಾಗ ಸಿಕ್ಕ ಉತ್ತರ ಇಷ್ಟೇ: "ಕಾಗದಾ ಬಿಡು. ಕೈ ನಡಗೂದ ಯಾರಿಗಿ ಕಾಣೂದಿಲ್ಲ, ಕಾಗದಾ ನಡಗೂದ ಊರಿಗೆಲ್ಲಾ ಕಾಣತೈತಿ." ಕಾಗದವಿಲ್ಲದೆ ಮರೆತರೆ? "ಡ್ರೈವರ ರಸ್ತೆ ಎಲ್ಲಾ ಬಾಯಿಪಾಠ ಮಾಡಿರತಾನೇನ? ಸ್ಟಾಪ ನೆಪ್ಪಿರತಾವ. ನೀನೂ ನಾಕ ಸ್ಟಾಪ ನೆಪ್ಪಿಟಗೊ. ನಡುವಿನ ರಸ್ತೆ ತಾನ ಬರತೈತಿ." ಈಗಲೂ ನಾನು ಎಲ್ಲಿಗೇ ಹೋದರೂ ಅಂಗೈ ಅಗಲದ ಚೀಟಿಯಲ್ಲಿ ನಾಲ್ಕೇ ಶಬ್ದ ಬರೆದುಕೊಳ್ಳುತ್ತೇನೆ. ಎಷ್ಟೋ ಸಲ ಆ ಚೀಟಿ ಚೀಲದಿಂದ ಹೊರಗೆ ಬರುವುದೇ ಇಲ್ಲ.

ಆ ಮಳೆಗಾಲದಲ್ಲಿ ಒಂದು ಸಂಜೆ ಬಿರುಮಳೆ ಹೊಡೆಯಿತು. ಕರೆಂಟು ಹೋಯಿತು. ಮೈಕು ಸತ್ತಿತು. ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾಲಿನ ಕ್ಯಾನು, ಸಂತೆಯ ಚೀಲ, ಕೂಸುಗಳು, ಹಸಿ ಕೊಡೆಗಳು. ಅಷ್ಟರಲ್ಲಿ ಫೋನು ಬಂತು: ಕೋವಾಡದ ದಾರಿಯ ಒಂದು ಸೇತುವೆಯ ಮೇಲೆ ನೀರು ಬಂದಿದೆ, ಗಾಡಿ ಸುತ್ತು ಹಾಕಿ ಹೋಗಬೇಕು, ನಡುವಿನ ನಾಲ್ಕು ಹಳ್ಳಿಯವರು ಅದರಲ್ಲಿ ಹತ್ತಬಾರದು. ಕಾಕಾಗೆ ಫೋನು ಬಿಟ್ಟು ಏಳುವಂತಿರಲಿಲ್ಲ. ಕಿಟಕಿಯಿಂದ ನನ್ನನ್ನು ನೋಡಿದರು.

"ಹೋಗು, ಹೇಳು."

"ಎಲ್ಲಾರಿಗೂ? ಮೈಕ ಇಲ್ಲದ?"

"ಬಾಕಿನ ಮ್ಯಾಲ ನಿಂದ್ರು. ಒಂದ ಉಸರ ತಗೊಂಡ ಸುಮ್ಮನ ನಿಂದ್ರು. ನೋಡ್ತಾರ. ನೋಡಿದ ಮ್ಯಾಲ ಹೇಳು."

ಚಪ್ಪಲಿ ಬಿಟ್ಟು ಬಾಕಿನ ಮೇಲೆ ಹತ್ತಿದೆ. ಮಳೆಯ ಸಪ್ಪಳ, ಜನರ ಗದ್ದಲ. ಸುಮ್ಮನೆ ನಿಂತೆ. ಹತ್ತಿರದವರು ನೋಡಿದರು, ಅವರು ನೋಡುವುದನ್ನು ಕಂಡು ದೂರದವರು ನೋಡಿದರು. "ಕೋವಾಡಾ! ಕೋವಾಡಾ!" ಎಂದು ಕೂಗಿದೆ. ದನಿ ಹೊಟ್ಟೆಯೊಳಗಿಂದ ಎದ್ದು ಬಂತು. ಯಾರು ಹತ್ತಬೇಕು, ಯಾರು ನಿಲ್ಲಬೇಕು ಎಂದು ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿದೆ. ಇಳಿಯುವಾಗ ಒಬ್ಬ ಅಜ್ಜ ತನ್ನ ಗಂಟು ಎತ್ತಿಕೊಂಡು, "ಚೊಲೊ ಆತ ಬಿಡವಾ, ಹತ್ತಾಕ ಹೊಂಟಿದ್ನಿ" ಎಂದ. ನನ್ನ ಜೀವನದ ಮೊದಲ ಯಶಸ್ವಿ ಭಾಷಣ ಅದು. ನಾಲ್ಕು ವಾಕ್ಯವೂ ಇರಲಿಲ್ಲ.

ಮಳೆ ನಿಂತ ಮೇಲೆ, ನನ್ನ ಗಾಡಿಗೆ ಕಾಯುವಾಗ, ಕಾಕಾ ಕೇಳಿದರು. "ಇಷ್ಟ ಅಂಜಾಕಿ ಈ ನೌಕರಿಗಿ ಯಾಕ ಬಂದಿ?"

ಆಗ ದೊಡ್ಡವ್ವನ ವಿಷಯ ಹೇಳಿದೆ. ನಮ್ಮವ್ವನ ಅಕ್ಕ ಅವಳು. ಕಬ್ಬಿನ ಹೊಲದಲ್ಲಿ ರವದಿ, ಅಂದರೆ ಒಣ ಎಲೆ, ಸುಲಿಯುವಾಗ ಎಲೆಯ ಅಂಚು ಕಣ್ಣಿಗೆ ಹೊಡೆದು ಗಾಯವಾಗಿ, ಕಣ್ಣು ಬೆಳ್ಳಗಾಗಿತ್ತು. ಇನ್ನೊಂದು ಕಣ್ಣು ಮೊದಲೇ ಮಂದ. ಗೋಡೆ ಹಿಡಿದು ಓಡಾಡುತ್ತಿದ್ದಳು. ಬಹಳ ದಿನ ಕಾದ ಮೇಲೆ ಕೋಲ್ಹಾಪುರದಲ್ಲಿ ಯಾರೋ ಸತ್ತವರ ಕಣ್ಣಿನ ಪಾರದರ್ಶಕ ಪದರ ಹಚ್ಚಿದರು. ಪಟ್ಟಿ ಬಿಚ್ಚಿದಾಗ ಅವಳ ಎದುರಿಗೆ ನಾನು ಕೂತಿದ್ದೆ. ಸ್ವಲ್ಪ ಹೊತ್ತು ಕಣ್ಣು ಪಿಳುಕಿಸಿ ನನ್ನನ್ನು ನೋಡಿ, "ಯಾಕವಾ, ಇಷ್ಟ ಸೊರಗಿದಿ? ಉಣ್ಣೂದಿಲ್ಲೇನ?" ಎಂದಳು.

ಕಾಕಾ ಕಿವಿಯ ಮೇಲಿನ ಪೆನ್ನು ತೆಗೆದು ಕೆಳಗಿಟ್ಟರು. ಆಮೇಲೆ, "ಇದನ್ನ ಮನ್ಯಾಗ ಇಟ್ಟ ಆ ಪುಸ್ತಕಾ ಯಾಕ ಓದಿದಿ ತಂಗಿ?" ಎಂದರು.

ನಿಜವಾಗಿ, ಅದು ಭಾಷಣದಲ್ಲಿ ಹೇಳುವ ಮಾತು ಎಂದು ನನಗೆ ಅನಿಸಿಯೇ ಇರಲಿಲ್ಲ. ಮನೆಯ ಮಾತು ಮನೆಗೆ, ವೇದಿಕೆಯ ಮಾತು ಬೇರೆ ಎಂದುಕೊಂಡಿದ್ದೆ.

ಮುಂದಿನ ವಾರ ಕೋವಾಡದ ಸಂತೆ. ಕಾಯಿಪಲ್ಲೆಯ ಸಾಲಿನ ಕೊನೆಗೆ ಒಂದು ಕಟ್ಟೆಯ ಮೇಲೆ ನಿಂತು, "ಮಾನ್ಯವರ" ಬಿಟ್ಟು, "ನಮ್ಮ ದೊಡ್ಡವ್ವನ ಕಣ್ಣ ಕಬ್ಬಿನ ಎಲಿಗಿ ಹೋಗಿತ್ರಿ" ಎಂದು ಸುರು ಮಾಡಿದೆ. ಕಬ್ಬಿನ ನಾಡು ಅದು. ಹಸಿಮೆಣಸು ಅಳೆಯುತ್ತಿದ್ದ ಹೆಂಗಸು ತಕ್ಕಡಿ ಕೆಳಗಿಟ್ಟಳು. ಕಥೆ ಮುಗಿದಾಗ ಗುಂಪಿನ ನಡುವಿನಿಂದ ಒಬ್ಬ ವಯಸ್ಸಾದ ಹೆಂಗಸು ಕೇಳಿದಳು: "ಕಣ್ಣ ಕೊಟ್ಟ ಹ್ವಾದ್ರ ಮುಂದಿನ ಜನ್ಮದಾಗ ಕುರುಡಿ ಆಗಿ ಹುಟ್ಟತೇನಂತಾರಲ್ಲ?"

ಪುಸ್ತಿಕೆಯಲ್ಲಿ ಇದಕ್ಕೆ ಉತ್ತರವಿತ್ತು. ಅದು ಮೂಢನಂಬಿಕೆ, ದೂರಮಾಡಬೇಕು ಎಂದು. ನಾನು ಬಾಯಿ ತೆರೆಯುವ ಮುಂಚೆ ಒಂದು ಉಸಿರು ತಡೆದೆ. ಅವಳು ವಾದಕ್ಕೆ ಕೇಳಿರಲಿಲ್ಲ, ಅಂಜಿ ಕೇಳಿದ್ದಳು.

"ಆಯಿ, ಹಸದಾವ್ರಿಗಿ ಅನ್ನ ಹಾಕಿದ್ರ ಮುಂದಿನ ಜನ್ಮಕ್ಕ ಉಪಾಸ ಬೀಳ್ತಾರೇನ್ರಿ?"

"ಇಲ್ಲ. ಪುಣ್ಯಾ ಬರತೈತಿ."

"ಕಣ್ಣಿಗೂ ಹಂಗ ಅಲ್ಲೇನ್ರಿ?"

ಸುತ್ತಲಿನವರು ನಕ್ಕರು. ಅವಳೂ ನಕ್ಕಳು. ಅವತ್ತು ಮೊದಲ ಸಲ ನನ್ನ ಚೀಲದ ನೇತ್ರದಾನದ ಖಾಲಿ ಅರ್ಜಿಗಳು ಕಡಿಮೆಯಾಗಿ ಮನೆಗೆ ಬಂದವು.

ಎಲ್ಲ ಕಡೆಯೂ ಹೀಗೆ ಆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಇಚಲಕರಂಜಿಯ ಒಂದು ಮಗ್ಗದ ಕಾರಖಾನೆಯಲ್ಲಿ ಸೋತೆ. ಪಾಳಿ ಬದಲಾಗುವ ಹತ್ತು ಮಿನಿಟು ಕೊಟ್ಟಿದ್ದರು. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಖಟ್ ಖಟ್ ಎಂದು ಓಡುತ್ತಲೇ ಇದ್ದವು. ಅದಕ್ಕಿಂತ ಜೋರಾಗಿ ಒದರಲು ಹೋಗಿ ಎರಡು ಮಿನಿಟಿನಲ್ಲಿ ಗಂಟಲು ಕಟ್ಟಿತು, ಮಾತು ಯಾರಿಗೂ ಮುಟ್ಟಲಿಲ್ಲ. ಕಾಕಾಗೆ ಹೇಳಿದಾಗ, "ಸಪ್ಪಳದ ಜೋಡಿ ಕುಸ್ತಿ ಹಿಡದ್ರ ಸಪ್ಪಳನ ಗೆಲ್ಲತೈತಿ. ಮಂದೀನ ಹತ್ತರ ಕರಕೊ" ಎಂದರು. ಎರಡನೆಯ ಸಲ ಹೋದಾಗ ಇಪ್ಪತ್ತು ಮಂದಿಯನ್ನು ನೀರಿನ ಟಾಕಿಯ ಹಿಂದಕ್ಕೆ ಕರೆದುಕೊಂಡು ಹೋದೆ. ಅರ್ಧ ವರ್ತುಲವಾಗಿ ನಿಲ್ಲಿಸಿ, ಮನೆಯಲ್ಲಿ ಮಾತಾಡಿದಂತೆ ಮಾತಾಡಿದೆ. ದಿನವಿಡೀ ಮಗ್ಗದ ಸದ್ದಿನಲ್ಲಿ ಒದರಿಯೇ ಮಾತಾಡುವವರು ಅವರು. ಸಣ್ಣ ದನಿಗೆ ಅವರಷ್ಟು ಚೆನ್ನಾಗಿ ಕಿವಿಗೊಟ್ಟವರನ್ನು ನಾನು ಕಂಡಿಲ್ಲ.

ಎರಡು ವರ್ಷದ ಮೇಲೆ ಕಾಕಾ ನಿವೃತ್ತರಾದರು. ಡ್ರೈವರ್, ಕಂಡಕ್ಟರರ ವಿಶ್ರಾಂತಿ ಕೋಣೆಯಲ್ಲಿ ನಿರೋಪ, ಅಂದರೆ ಬೀಳ್ಕೊಡುವ ಸಮಾರಂಭ. ನನ್ನನ್ನೂ ಕರೆದಿದ್ದರು. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು, ತಲೆಗೆ ಕೇಸರಿ ಫೇಟಾ ಸುತ್ತಿದರು. ಆಮೇಲೆ "ದೋನ ಶಬ್ದ ಬೋಲಾ", ಎರಡು ಮಾತು ಆಡಿ, ಎಂದು ಮೈಕನ್ನು ಅವರ ಕೈಗೆ ಕೊಟ್ಟರು.

ಕಾಕಾ ಎದ್ದು ನಿಂತರು. ಎದುರಿಗೆ ಎಂಬತ್ತು, ನೂರು ಮಂದಿ. ಅವರು ಮೈಕು ನೋಡಿದರು, ನಮ್ಮನ್ನು ನೋಡಿದರು. ನಾವು ಕಾದೆವು. ಇದು ಅವರ ಜಾಗ ಬಿಡುವ ರೀತಿ ಎಂದು ಮೊದಲು ನಾನು ತಿಳಿದೆ. ಆದರೆ ಫೇಟಾದ ಕೆಳಗೆ ಹಣೆ ಬೆವರಿತ್ತು. ತುಟಿ ಅಲುಗಿತು, ದನಿ ಬರಲಿಲ್ಲ. ಕೈ ಮುಗಿದು ಕೂತುಬಿಟ್ಟರು.

ಕೋಣೆಯಲ್ಲಿ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ನಾನು ಎದ್ದೆ. ಯಾರೂ ಕರೆದಿರಲಿಲ್ಲ, ಏನೂ ಸಿದ್ಧ ಮಾಡಿಕೊಂಡಿರಲಿಲ್ಲ. ಮುಂದೆ ಹೋಗಿ, ನಾನು ಯಾರು, ಯಾವ ಬಾಕಿನ ಮೇಲೆ ಅಳುತ್ತ ಕೂತಿದ್ದೆ, ಅವರು ನನಗೆ ಏನು ಕಲಿಸಿದರು ಎಂದು ಮರಾಠಿಯಲ್ಲಿ ಹೇಳಿದೆ. "ಈ ಸ್ಟ್ಯಾಂಡಿನಿಂದ ಒಬ್ಬ ಮುದುಕಿಯೂ ತಪ್ಪು ಗಾಡಿ ಹತ್ತಬಾರದೆಂದು ಮೂವತ್ತು ವರ್ಷ ನೋಡಿಕೊಂಡವರು ಇವರು" ಎಂದು ಮುಗಿಸಿದೆ. ಹಳೆಯ ಡ್ರೈವರೊಬ್ಬರು ಕಣ್ಣೊರೆಸಿಕೊಂಡರು. ಕಾಕಾ ತಲೆ ತಗ್ಗಿಸಿ ಕೂತಿದ್ದರು.

ಹೊರಗೆ ಬಂದ ಮೇಲೆ ನಾನೇ ಕೇಳಿದೆ. "ಏನಾತ್ರಿ ಕಾಕಾ?"

"ನಾ ಎಂದೂ ಮಂದಿ ಮುಂದ ನಿಂತ ಮಾತಾಡಿಲ್ಲ ತಂಗಿ. ನಡುವ ಗಾಜ ಇರತಿತ್ತು. ಅವ್ರು ನನಗ ಕಾಣ್ತಿದ್ರು, ನಾ ಅವ್ರಿಗಿ ಕಾಣ್ತಿದ್ದಿಲ್ಲ." ಫೇಟಾ ತೆಗೆಯುತ್ತ, "ನಿನಗ ಕಲಿಸಿದ್ದ ನಾ ಮಾಡಿ ಕಲತಿದ್ದಲ್ಲ, ನೋಡಿ ಕಲತಿದ್ದು" ಎಂದರು.

ಅದನ್ನು ಅವರು ಮುಚ್ಚಿಡಲಿಲ್ಲ, ನಾಚಿಕೆಯನ್ನೂ ಪಡಲಿಲ್ಲ. ಅವರ ಮೇಲಿನ ನನ್ನ ಗೌರವ ಆ ದಿನ ಇಮ್ಮಡಿಯಾಯಿತು. ತನಗೆ ಬಾರದ್ದನ್ನು ಇನ್ನೊಬ್ಬರಿಗೆ ಅಷ್ಟು ಸರಿಯಾಗಿ ಕಲಿಸಬೇಕಾದರೆ, ಕೇಳುವವರ ಕಡೆಯಿಂದ ಅವರು ಎಷ್ಟು ಯೋಚಿಸಿರಬೇಕು!

ನಿವೃತ್ತಿಯ ಮುಂದಿನ ವರ್ಷ ಕಾಕಿ, ಅವರ ಹೆಂಡತಿ, ತೀರಿಕೊಂಡರು. ಎದೆನೋವು ಬಂದು ಅರ್ಧ ತಾಸಿನಲ್ಲಿ ಎಲ್ಲ ಮುಗಿದಿತ್ತು. ಬೆಳಗಿನ ಎಂಟು ಗಂಟೆಗೆ ಕಾಕಾ ಫೋನು ಮಾಡಿದರು. ಅಳುತ್ತಿರಲಿಲ್ಲ. "ಕಣ್ಣ ತಗೀಬೇಕಂದ್ರ ಆರ ತಾಸಿನ ಒಳಗ ಅಂತಿದ್ದಿ ಅಲ್ಲ? ನಿಮ್ಮ ಡಾಕ್ಟರನ್ನ ಕರಕೊಂಡ ಬಾ" ಎಂದರು. ನಾವು ಹೋದೆವು. ಇಪ್ಪತ್ತು ಮಿನಿಟಿನ ಕೆಲಸ. ಅಷ್ಟು ಹೊತ್ತೂ ಅವರು ಬಾಗಿಲ ಹೊರಗೆ ನಿಂತಿದ್ದರು. ಆಮೇಲೆ ಒಳಗೆ ಬಂದು ಕಾಕಿಯ ಮುಖ ನೋಡಿ, ಹಣೆಯ ಮೇಲಿನ ಕೂದಲು ಸರಿಮಾಡಿದರು.

ಮನೆ ಬಿಕೋ ಎನ್ನುತ್ತದೆ ಎಂದು, ಕೆಲವು ತಿಂಗಳ ನಂತರ, ರವಿವಾರಕ್ಕೊಮ್ಮೆ ನನ್ನ ಜೊತೆ ಹಳ್ಳಿಗಳಿಗೆ ಬರತೊಡಗಿದರು. ಎಲ್ಲರ ಹಿಂದೆ ಕೂರುತ್ತಿದ್ದರು. ನನ್ನ ದನಿ ಅಲ್ಲಿಗೆ ಮುಟ್ಟದಿದ್ದರೆ ಕಿವಿ ಮುಟ್ಟಿ ತೋರಿಸುತ್ತಿದ್ದರು. ಮಾತು ಉದ್ದವಾದರೆ ಕೈಗಡಿಯಾರ ನೋಡುತ್ತಿದ್ದರು. ಹೀಗೇ ಒಂದು ರವಿವಾರ ಅಕಿವಾಟಕ್ಕೆ ಹೋದೆವು. ಜೈನ ರೈತರ ಒಂದು ಮನೆಯ ದೊಡ್ಡ ಪಡಸಾಲೆ. ಚೆನ್ನಾಗಿಯೇ ಮಾತಾಡಿದೆ ಎಂದುಕೊಂಡೆ. ಮುಗಿದ ಮೇಲೆ ಆ ಮನೆಯ ಹಿರಿಯರು ಮೆಲ್ಲಗೆ ಕೇಳಿದರು: "ಹೇಳೂದ ಸಸಾರ ಐತಿ ಬಾಯಿ. ಮನ್ಯಾಗ ಹೆಣಾ ಇಟಗೊಂಡ ಕಣ್ಣ ತಗೀರಿ ಅನ್ನಾಕ ಯಾರಿಗಿ ಮನಸ ಬರತೈತಿ? ಮುಖಾ ನೋಡಾಕ ಆಗತೈತೇನ ಆಮ್ಯಾಲ?"

ನನ್ನ ಹತ್ತಿರ ಇದಕ್ಕೆ ಉತ್ತರವಿತ್ತು, ಆದರೆ ಅದು ದವಾಖಾನೆಯವಳ ಉತ್ತರ. ನಾನು ಕಾಕಾ ಕಲಿಸಿದಂತೆ ಮಾತಿಗೆ ಜಾಗ ಬಿಟ್ಟೆ. ಹಿಂದಿನ ಸಾಲಿನಲ್ಲಿ ಯಾರೋ ಎದ್ದ ಸದ್ದಾಯಿತು.

ಕಾಕಾ ನಿಂತಿದ್ದರು. ಒಂದು ಕೈ ಕಂಬದ ಮೇಲಿತ್ತು. ಎಲ್ಲರೂ ಹೊರಳಿ ನೋಡಿದರು.

"ನಾ ನನ್ನ ಹೆಂಡತೀದು ಕೊಟ್ಟೇನ್ರಿ" ಎಂದರು. ದನಿ ಸ್ಪೀಕರಿನಲ್ಲಿ ಕೇಳುತ್ತಿದ್ದ ಅದೇ ದನಿ, ಸ್ವಲ್ಪ ಒಡೆದಿತ್ತು. "ಮನಸ ಬರೂದಿಲ್ರಿ. ನನಗೂ ಬಂದಿದ್ದಿಲ್ಲ. ಮಣ್ಣಿಗಿಡು ಮೊದಲ ಆಕಿ ಮುಖಾ ನೋಡೇನಿ. ಹೆಂಗಿತ್ತೋ ಹಂಗ ಇತ್ರಿ."

ಕೂತುಬಿಟ್ಟರು. ಹಿರಿಯರು ನನ್ನ ಕಡೆ ಕೈ ಚಾಚಿ, "ಆ ಅರ್ಜಿ ಕಾಗದಾ ತಾ ಬಾಯಿ" ಎಂದರು. ಅವರ ಸೊಸೆಯೂ ಒಂದು ಕೇಳಿದಳು.

ನನ್ನ ಇಷ್ಟು ವರ್ಷದ ಭಾಷಣಗಳನ್ನೆಲ್ಲ ಒಂದು ಕಡೆ ಇಟ್ಟರೂ ಆ ಮಾತುಗಳ ತೂಕಕ್ಕೆ ಬರುವುದಿಲ್ಲ ಎಂದು ಬಸ್ಸಿನಲ್ಲಿ ಅವರಿಗೆ ಹೇಳಿದೆ. ಅವರು ಕಿಟಕಿಯ ಹೊರಗೆ ಕಬ್ಬಿನ ಹೊಲ ನೋಡುತ್ತ, "ಕಾಲ ಭಾಳ ನಡಗಿದ್ವು ತಂಗಿ" ಎಂದರು. ಕಂಡಕ್ಟರ್ ಬಂದಾಗ ನನಗಿಂತ ಮೊದಲು ಇಬ್ಬರ ಟಿಕೀಟೂ ತಾವೇ ತೆಗೆಸಿದರು.

ಈಗ ಊರಿನವರು ಫೋನು ಮಾಡಿದಾಗ "ಆ ಕಾಕಾನ್ನೂ ಕರಕೊಂಡ ಬರ್ರಿ" ಎನ್ನುತ್ತಾರೆ. ಅವರು ಬರುತ್ತಾರೆ, ಹಿಂದೆ ಕೂರುತ್ತಾರೆ. ಯಾರಾದರೂ ಕೇಳಿದರೆ ಮಾತ್ರ ಏಳುತ್ತಾರೆ. ಇಲ್ಲಿಯ ತನಕ ಐದು ವಾಕ್ಯಕ್ಕಿಂತ ಹೆಚ್ಚು ಎಲ್ಲಿಯೂ ಹೇಳಿಲ್ಲ.